ನಾಲ್ಕು ಚಮಚದ ತಪಸ್ಸು

೧೪ ಜೂನ್ ೧೯೯೮, ಭಾನುವಾರ. ಬೆಳಿಗ್ಗೆ ೭

ಅರ್ಧ ಲೋಟ ಹಾಲು, ಅದರಲ್ಲಿ ಒಂದು ಚಮಚ ಪ್ರೋಟೀನ್ ಪುಡಿ. ಒಂಬತ್ತು ಗ್ರಾಂ. ಕುಡಿಯಲು ಇಪ್ಪತ್ತು ನಿಮಿಷ. ಇನ್ನು ಅರ್ಧ ತಾಸು ನೀರು ಮುಟ್ಟುವಂತಿಲ್ಲ. ಆಮೇಲೆ ನೀರು. ಆಮೇಲೆ ಮತ್ತೆ ತಿನ್ನುವುದು. ಬೇರೆ ಹೆಂಗಸರು ಅಡುಗೆ ಮಾಡಿ ಸುಸ್ತಾಗುತ್ತಾರೆ. ನಾನು ತಿಂದು ಸುಸ್ತಾಗುತ್ತೇನೆ.

ಆಪರೇಷನ್ ಆಗಿ ಮೂರು ತಿಂಗಳು. ತೂಕ ಇಳಿಯಲೆಂದು ಮುಂಬೈ ಡಾಕ್ಟರ್ ಹೊಟ್ಟೆಗೆ ಪಿನ್ನು ಹೊಡೆದು ನಿಂಬೆಹಣ್ಣಿನಷ್ಟು ಜಾಗ ಉಳಿಸಿದ್ದಾರೆ. ನೂರಾ ನಾಲ್ಕು ಕೆಜಿ ಇದ್ದೆ. ಈಗ ಎಂಬತ್ತೊಂದು. ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಕಡ್ಡಾಯ ಎಂದು ಚಾರ್ಟು ಬರೆದುಕೊಟ್ಟರು. ಮೊದಲ ಸಾಲು ಮೊಟ್ಟೆ. ಎರಡನೆಯದು ಮೀನು. ಮೂರನೆಯದು ಕೋಳಿ. ಶಿರಗುಪ್ಪಿಯ ಜೈನರ ಮನೆಗೆ ಇಂಥ ಚಾರ್ಟು! ಮೂರೂ ಗೀಚಿ ಹಾಕಿದೆ. ಉಳಿದದ್ದು ಹಾಲು, ಮೊಸರು, ಬೇಳೆ. ಅದರಲ್ಲೂ ಮೊಳಕೆ ಕಾಳನ್ನು ಅತ್ತೆ ಒಲೆಯ ಹತ್ತಿರ ತರಗೊಡುವುದಿಲ್ಲ, ಅದರಲ್ಲಿ ಅನಂತ ಜೀವ ಅಂತೆ. ಬೇಳೆಯ ಜೊತೆ ಮೊಸರು ಕೂಡದು. ಹೊತ್ತು ಮುಳುಗಿದ ಮೇಲೆ ಏನೂ ಕೂಡದು. ಹದಿಮೂರು ತಾಸಿನೊಳಗೆ ಅರವತ್ತು ಗ್ರಾಂ, ಸಲಕ್ಕೆ ನಾಲ್ಕೇ ಚಮಚ. ಆಗುವ ಮಾತೇ?

ಮನೆಯಲ್ಲಿ ನಿಜ ಗೊತ್ತಿರುವುದು ಇವರಿಗೆ ಮಾತ್ರ. ಅತ್ತೆಗೆ ಪಿತ್ತಕೋಶದ ಕಲ್ಲು ತೆಗೆಸಿದ್ದು ಎಂದಿದ್ದೇವೆ. ಹೇಗೆ ಹೇಳಲಿ? ಆರು ವರ್ಷದ ಹಿಂದೆ ಮಂಗಸೂಳಿ ಊರಿನ ಮದುವೆಯಲ್ಲಿ, ಊಟದ ಪಂಕ್ತಿಗೆ ಮಣೆ ಹಾಕುವಾಗ ಅತ್ತೆ ಅಂದಿದ್ದರು — “ನಮ್ಮ ಸೊಸಿ ಕುಂದರಬೇಕಂದ್ರ ಎರಡ ಪಾಟ ಹಾಕ್ರೆವಾ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿ ಕಟ್ಟಲಾಗದೆ ಹೊಟ್ಟೆ ಹೊಲಿಸಿಕೊಂಡು ಬಂದಳು ಎನ್ನುವ ಮಾತು ಇನ್ನು ಬೇಡ.

೨ ಜುಲೈ

ನಿನ್ನೆ ನಲವತ್ತೊಂದು ಗ್ರಾಂ. ಮೊನ್ನೆ ಮೂವತ್ತೆಂಟು.

ಬಾಚಣಿಗೆಯಲ್ಲಿ ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ. ಎಸ್‌ಟಿಡಿ ಬೂತಿನಿಂದ ಪುಣೆಗೆ ತಮ್ಮ ಪಾರಿಸನಿಗೆ ಫೋನ್. ಪುಡಿ ಕಳಿಸುವವನು ಅವನೇ. ಡಾಕ್ಟರನ್ನು ಕೇಳಿ ಹೇಳಿದ — “ಅಕ್ಕಾ, ಅರವತ್ತ ಮುಟ್ಟಲಿಲ್ಲಂದ್ರ ಮೊದಲ ಕೂದಲಾ, ಆಮ್ಯಾಲ ಕೈಕಾಲಾಗಿನ ಶಕ್ತಿ. ಹಟಾ ಮಾಡಬ್ಯಾಡ, ತಿನ್ನು.” ತಿನ್ನು ಅಂತೆ. ಒಂದು ಕಾಲದಲ್ಲಿ ಇದೇ ಪಾರಿಸ ತಿನ್ನಬೇಡ ಎನ್ನುತ್ತಿದ್ದ.

ಎಮ್ಮೆ ಹಿಂಡುವ ಕೆಂಚವ್ವ ಗಟ್ಟಿ ಹಾಲು ಬೇರೆ ತೆಗೆದಿಡುತ್ತಾಳೆ. ಅದಕ್ಕೆ ಹೆಪ್ಪು ಹಾಕಿ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಚಕ್ಕಾ ಮಾಡಿಕೊಳ್ಳುತ್ತೇನೆ. ಸಕ್ಕರೆ ಇಲ್ಲದ ಚಕ್ಕಾ. ಸುಣ್ಣ ತಿಂದ ಹಾಗೆ.

೧೯ ಜುಲೈ

ಚಾತುರ್ಮಾಸಕ್ಕೆ ಮುನಿ ಮಹಾರಾಜರು ಬಂದಿದ್ದಾರೆ. ಬಸದಿಯ ಮಹಿಳಾ ಮಂಡಳದ ಲಕ್ಷ್ಮಿಬಾಯಿ ಮನೆಗೆ ಬಂದಾಗ ನಾನು ಊಟಕ್ಕೆ ಕೂತಿದ್ದೆ. ತಟ್ಟೆಯಲ್ಲಿ ನಾಲ್ಕು ಚಮಚ ತೊವ್ವೆ.

“ಇಷ್ಟಽ?”

“ಇಷ್ಟ ಸಾಕ್ರಿ.”

“ತಾರಾಬಾಯಾರ, ನಿಮ್ಮ ಸೊಸಿ ಊನೋದರ ಮಾಡಾಕತ್ತಾಳ! ನಮಗ್ಯಾರಿಗೂ ಹೇಳೇ ಇಲ್ಲಲ್ರಿ!”

ಹಸಿವಿಗಿಂತ ಕಡಿಮೆ ಉಣ್ಣುವ ತಪ, ಊನೋದರ. ಉಪವಾಸಕ್ಕಿಂತ ಕಠಿಣ ಎನ್ನುತ್ತಾರೆ, ಎದುರಿಗೆ ಅನ್ನವಿದ್ದೂ ಕೈ ತೆಗೆಯಬೇಕಲ್ಲ. ಅತ್ತೆ ನನ್ನ ತಟ್ಟೆ ನೋಡಿದರು. ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡರು.

೯ ಆಗಸ್ಟ್

ಬರೆಯಲು ಶಕ್ತಿಯೇ ಇರಲಿಲ್ಲ. ಎಪ್ಪತ್ಮೂರು ಕೆಜಿ.

ಪ್ರವಚನದಲ್ಲಿ ಮಹಾರಾಜರು ಹೆಸರು ಹೇಳದೆ ಹೇಳಿದರು — ಈ ಊರಲ್ಲಿ ಒಬ್ಬ ಶ್ರಾವಕಿ ಸದ್ದಿಲ್ಲದೆ ದೇಹ ಕರಗಿಸುತ್ತಿದ್ದಾಳೆ ಎಂದು. ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ದಾರಿಯಲ್ಲಿ ನನ್ನ ಕೈ ಹಿಡಿದು ನಡೆದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ನಾಚಿಕೆಯಾಯಿತು. ಸುಖವೂ ಆಯಿತು, ಸುಳ್ಳೇಕೆ ಬರೆಯಲಿ.

೨೩ ಆಗಸ್ಟ್. ಮಧ್ಯಾಹ್ನ

ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಪೂರ್ತಿ ಉಪವಾಸ ಮಾಡುವವರ ಪಟ್ಟಿ. ಲಕ್ಷ್ಮಿಬಾಯಿ ನನ್ನನ್ನು ಕೇಳದೆಯೇ ಮೊದಲ ಹೆಸರು ಬರೆದುಬಿಟ್ಟಿದ್ದಾರೆ — ಸುಗಂಧಾ. ಇಲ್ಲ ಎನ್ನಲು ಬಾಯಿ ತೆರೆದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಮುಚ್ಚಿದೆ.

ಇವರು ರೇಗಿದರು. “ಸಾಯ್ತೀ ಏನ? ಈಗಿಂದೀಗ ಅವ್ವಗ ಹೇಳು. ಇಲ್ಲಂದ್ರ ನಾ ಹೇಳ್ತೀನಿ.” ಕಾಲಿಗೆ ಬಿದ್ದು ಅವರ ಬಾಯಿ ಮುಚ್ಚಿಸಿದೆ. ಕೊಟ್ಟಿಗೆಯಲ್ಲಿ ಪುಡಿಯ ಡಬ್ಬಿ ಅಡಗಿಸಿಟ್ಟಿದ್ದೇನೆ. ಕದ್ದು ಕುಡಿದರಾಯಿತು.

೨೭ ಆಗಸ್ಟ್. ಉಪವಾಸದ ಎರಡನೇ ದಿನ

ಕದ್ದು ಕುಡಿಯಲಾಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ. ಮೂರ್ತಿಯ ಮುಂದೆ ಕೈ ಮುಗಿದು ನೇಮ ತೆಗೆದುಕೊಂಡಿದ್ದೇನೆ. ಐದು ತಿಂಗಳು ಸುಳ್ಳು ಹೇಳಲು ಹೆದರದವಳು ನೇಮ ಮುರಿಯಲು ಹೆದರಿದೆ. ಎಂಥ ಹುಚ್ಚಿ.

ದಿನಕ್ಕೊಮ್ಮೆ ಕಾಸಿದ ನೀರು. ಪ್ರೋಟೀನ್ ಸೊನ್ನೆ.

೨೮ ಆಗಸ್ಟ್. ಸಂಜೆ ೭

ಇವತ್ತು ಆರ್ಜವದ ದಿನ. ಕಪಟವಿಲ್ಲದೆ ಇರುವುದು. ಪೂಜೆಯಲ್ಲಿ ಕೂತು ಕೇಳಿಸಿಕೊಂಡೆ. ಮನೆಗೆ ಬಂದು ಬಚ್ಚಲ ಬಾಗಿಲಲ್ಲಿ ಬಿದ್ದೆ.

ಕಣ್ಣು ಬಿಟ್ಟಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಕೂದಲು ಸರಿಮಾಡುತ್ತಿದ್ದರು. ಅರ್ಧ ಕೂದಲು ಅವರ ಬೆರಳಿಗೇ ಬಂತು. “ಇದೇನ ಬೇ ಸುಗಂಧಾ?” ಎಂದರು. ಹೇಳಿಬಿಟ್ಟೆ. ಮುಂಬೈ, ಪಿನ್ನು, ಅರವತ್ತು ಗ್ರಾಂ — ಎಲ್ಲ.

ಅತ್ತೆ ಬೆರಳಿನ ಕೂದಲನ್ನು ಉಂಡೆ ಮಾಡಿ ಬದಿಗಿಟ್ಟರು. “ಗಟ್ಟಿಮುಟ್ಟಾದ ಹೊಟ್ಟಿಗಿ ಯಾಕ ಹಂಗ ಮಾಡಿಸ್ಕೊಂಡಿ?”

“ಮಂಗಸೂಳ್ಯಾಗ ನೀವು ಎರಡ ಪಾಟ ಹಾಕ್ರಿ ಅಂದ್ರಿ, ಅತ್ತ್ಯಾರ.”

“ನಾ ಹಂಗಂದಿದ್ನಿ?”

ನಿಜವಾಗಿಯೂ ನೆನಪಿರಲಿಲ್ಲ ಅವರಿಗೆ. ನಾನು ಆರು ವರ್ಷ ದಿನಾ ನೆನಪಿಸಿಕೊಂಡ ಮಾತು!

ಎದ್ದು ಹೋಗಿ ಚಕ್ಕಾ ತಂದರು. “ಇನ್ನೂ ಹೊತ್ತ ಮುಳುಗಿಲ್ಲ. ಉಣ್ಣು.”

“ನೇಮ ಐತ್ರಿ.”

“ಉಳದ ಏಳ ದಿನ ನಾ ಮಾಡ್ತೀನಿ.”

ಅರವತ್ತೇಳು ವಯಸ್ಸು. ಬಿಪಿ ಬೇರೆ. ಒಬ್ಬರ ನೇಮ ಇನ್ನೊಬ್ಬರು ಮಾಡಿದರೆ ಪುಣ್ಯ ಬರುವುದಿಲ್ಲ ಎಂದೆ. “ಗೊತ್ತೈತಿ. ಪುಣ್ಯಾ ಯಾರ ಕೇಳ್ಯಾರ ಇಲ್ಲಿ? ಬಾಯಿ ತಗಿ.”

೨೯ ಆಗಸ್ಟ್

ಅತ್ತೆ ಬಸದಿಗೆ ಹೋಗಿ ಎಲ್ಲ ಹೆಂಗಸರ ಎದುರಿಗೇ ಹೇಳಿದರಂತೆ. ಕೆಂಚವ್ವ ಬಂದು ವರದಿ ಒಪ್ಪಿಸಿದಳು — “ನಮ್ಮ ಸೊಸಿ ಹೆಸರ ಹೊಡದ ಹಾಕ, ಲಕ್ಷ್ಮೀ. ನಂದ ಬರಿ. ಆಕಿ ಹೊಟ್ಟಿ ಆಪ್ರೇಷನ್ ಆಗೈತಿ, ಆಕೀಗಿ ಉಣ್ಣೂದಽ ತಪಾ” ಅಂದರಂತೆ. ಯಾರೋ ಕಿಸಕ್ಕನೆ ನಕ್ಕರಂತೆ. ಅತ್ತೆ ಅವಳ ಕಡೆ ನೋಡಿದರಂತೆ, ಅಷ್ಟೇ. ನಗು ನಿಂತಿತಂತೆ.

ಇವರು ಬೇಡವೆಂದು ಕೂಗಾಡಿದರು. ಅತ್ತೆ ಕೇಳಿಸಿಕೊಳ್ಳಲೇ ಇಲ್ಲ.

೩೧ ಆಗಸ್ಟ್

ಚಾರ್ಟು ಈಗ ಅತ್ತೆಯ ಕೈಯಲ್ಲಿ. ಓದು ಬರದು, ನನ್ನಿಂದ ಓದಿಸಿ ಬಾಯಿಪಾಠ ಮಾಡಿದ್ದಾರೆ. ಎರಡು ತಾಸಿಗೊಮ್ಮೆ ಎದುರಿಗೆ ಕೂರುತ್ತಾರೆ. ತಮ್ಮ ಹೊಟ್ಟೆ ಖಾಲಿ. ನಾನು ನುಂಗುವುದನ್ನು ನೋಡುತ್ತಾರೆ.

“ಎಷ್ಟಾತು?”

“ಮೂವತ್ತೆರಡ್ರಿ.”

“ಇನ್ನ ಇಪ್ಪತ್ತೆಂಟ.”

ನಿನ್ನೆ ಐವತ್ತೇಳು. ಇಷ್ಟು ದಿನದಲ್ಲಿ ಇದೇ ಹೆಚ್ಚು. ಪ್ರತಿ ಚಮಚವೂ ಗಂಟಲಲ್ಲಿ ನಿಲ್ಲುತ್ತದೆ. ಅತ್ತೆಯ ಉಪವಾಸಕ್ಕಿಂತ ನನ್ನ ಊಟವೇ ಕಷ್ಟ ಎನ್ನಲೇ? ಛೆ.

ಬಿಪಿ ಮಾತ್ರೆ ಕೊಟ್ಟೆ. ಅದೂ ತಿಂದಂತೆಯೇ ಎಂದು ಕೈ ತಳ್ಳಿದರು.

೩ ಸೆಪ್ಟೆಂಬರ್. ಸಂಜೆ ೬

ಇನ್ನೊಂದೇ ದಿನ. ಅತ್ತೆ ಬೆಳಗಿನಿಂದ ಎದ್ದಿಲ್ಲ. ಚಾಪೆಯ ಮೇಲೆ ಗೋಡೆಗೆ ಒರಗಿಸಿದ್ದೇನೆ. ತುಟಿ ಒಡೆದಿದೆ. ಇವರು ಡಾಕ್ಟರನ್ನು ಕರೆತರಲು ಕಾಗವಾಡಕ್ಕೆ ಹೋಗಿದ್ದಾರೆ. ನಾನು ಹತ್ತಿರ ಕೂತು ಬರೆಯುತ್ತಿದ್ದೇನೆ, ಅಳು ಬಂದರೆ ಕಾಣದಿರಲಿ ಎಂದು.

ಐವತ್ತಾರು ಆಗಿದೆ. ಇನ್ನು ನಾಲ್ಕು. ಸಾಕು ಅತ್ತ್ಯಾರ ಎಂದೆ. ಇಲ್ಲವೆಂದು ತಲೆಯಾಡಿಸಿದರು. ತಾವೇ ಬಟ್ಟಲು ನನ್ನ ಕಡೆ ಸರಿಸಲು ಹೋದರು. ಬಟ್ಟಲು ಮಗುಚಿ ಚಕ್ಕಾ ಚಾಪೆಯ ಮೇಲೆ ಚೆಲ್ಲಿತು. ಕಿಟಕಿಯ ಕಡೆ ಬೆರಳು ತೋರಿಸಿದರು. ಹೊತ್ತು ಕಬ್ಬಿನ ಹೊಲದ ತುದಿಗೆ ಇಳಿದಿದೆ.

“ಇನ್ನೊಂದ ಬಟ್ಟಲಾ ತಾ,” ಎಂದರು. ದನಿಯೇ ಇಲ್ಲ, ತುಟಿ ನೋಡಿ ತಿಳಿದುಕೊಂಡೆ. “ಲಗೂನ.”

ತರುತ್ತೇನೆ. ತಿನ್ನುತ್ತೇನೆ. ನಾಲ್ಕಲ್ಲ, ಹತ್ತು ತಿನ್ನುತ್ತೇನೆ. ನೀವು ಆ ಮಾತ್ರೆ ಒಂದು —

ಕಣ್ಣು ಮುಚ್ಚಿದರು. ಕರೆದರೂ ತೆರೆಯುತ್ತಿಲ್ಲ. ಅತ್ತ್ಯಾರ, ಬಂದೆ, ಬಟ್ಟಲಾ ತಂದೆ ನೋಡ್ರಿ, ಇಲ್ಲೇ