ಲೇಬಲ್ ಓದುವವಳು

ಜೂನ್ 2, ಸೋಮವಾರ

ಲಾಂಡ್ರಿಯ ಬಾಯ್ಲರ್ ಮತ್ತೆ ಮುನಿಸಿಕೊಂಡಿತ್ತು. ನರ್ಸುಗಳ ಯೂನಿಫಾರ್ಮ್ ಅರ್ಧ ಮುಗಿದಿತ್ತು, ಸ್ಟೀಮ್ ನಿಂತೇ ಹೋಯಿತು. ಎರಡು ಸಲ ಒದ್ದೆ, ಬಂತು. ಕೆಲವರಿಗೆ ಒದೆಯ ಭಾಷೆಯೇ ಬೇಕು.

ಬೆಳಗ್ಗೆ ಬೆಳಗ್ಗೆ ತಮ್ಮನ ಫೋನು. ಡಾಕ್ಟರ್ ಸಾಹೇಬರಿಗೆ ಅಕ್ಕನ ನೆನಪಾಗುವುದೇ ಅಪರೂಪ.

"ಅಕ್ಕಾ, ನಿನಗೂ ವಯಸ್ಸಾಯ್ತು. ಅಂಗಡಿ ಮುಚ್ಚಿ ಅಲ್ಲೇ ಅಪ್ಪನ ಹೆಸರಲ್ಲಿ ಓದೋರಿಗೆ ಒಂದು ಜಾಗ ಮಾಡೋಣ. ಪುಸ್ತಕ, ಮೇಷ್ಟ್ರು ಎಲ್ಲಾ ನನಗೆ ಬಿಡು. ಈ ಊರು ನಮಗೆ ಅನ್ನ ಕೊಟ್ಟಿದೆ, ನಾವೂ ಏನಾದ್ರೂ ಕೊಡಬೇಕಲ್ವಾ?"

ಕಣ್ಣು ತುಂಬಿ ಬಂತು. ಅಂಗಡಿ ಅಪ್ಪ ನನಗೇ ಬಿಟ್ಟು ಹೋದದ್ದು. ಕೊಡ್ತೀನಿ ಅಂದೆ. ಒಂದೇ ಷರತ್ತು — ಓದು ಅರ್ಧಕ್ಕೆ ಬಿಟ್ಟವರಿಗೆ ಮೊದಲು ಜಾಗ. ವಯಸ್ಸು ಎಷ್ಟೇ ಆಗಿರಲಿ.

"ಅದಕ್ಕೇನಕ್ಕಾ, ನೀನು ಹೇಳಿದ ಹಾಗೇ."

ವಯಸ್ಸಿನ ಮಾತು ಯಾಕೆ ಅಂತ ಅವನು ಕೇಳಲಿಲ್ಲ. ಮೊದಲ ಬೆಂಚು ನನಗೆ.

ಜೂನ್ 5

ಇವತ್ತು ಅಪ್ಪ ತುಂಬಾ ನೆನಪಾದರು. ದೇಶ ಬಿಟ್ಟು ಇಲ್ಲಿಗೆ ಬಂದ ಹೊಸತು. ಅವರಿಗೆ ಇಲ್ಲಿನ ಅಕ್ಷರ ಬಾರದು. ಯಾರದೋ ಉಣ್ಣೆ ಕೋಟನ್ನು ಕುದಿಯುವ ನೀರಿಗೆ ಹಾಕಿಬಿಟ್ಟರು. ತೆಗೆದಾಗ ಗೊಂಬೆಗೆ ತೊಡಿಸುವಷ್ಟಾಗಿತ್ತು!

ಮರುದಿನವೇ ನನ್ನ ಶಾಲೆ ಬಿಡಿಸಿದರು. ಲೇಬಲ್ ಓದಿ ಹೇಳಲು ಒಬ್ಬರು ಬೇಕಿತ್ತು. "ತಣ್ಣೀರು." "ಹಿಂಡಬಾರದು." ನಾನು ಓದುವುದು, ಅಪ್ಪ ತೊಳೆಯುವುದು. ಓದು ಬಂದದ್ದೇ ನನ್ನ ಓದಿಗೆ ಮುಳುವಾಯಿತು.

"ತಮ್ಮ ಒಂದು ದಡ ಸೇರ್ಲಿ ಮಗಳೇ, ಆಮೇಲೆ ನೀನೂ ಓದುವೆಯಂತೆ" ಅನ್ನುತ್ತಿದ್ದರು. ಅವನು ದಡ ಸೇರಿದ. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ಅಂಗಡಿ ನೋಡುವವರು ಬೇಕಿತ್ತು.

ಜೂನ್ 21, ಶನಿವಾರ

ಅಂಗಡಿ ಖಾಲಿ. ಇಸ್ತ್ರಿ ಟೇಬಲ್ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ನಾಳೆ ಉದ್ಘಾಟನೆ.

ತಮ್ಮ ಕೋಟು ತಂದ. ನಾನು ಇಸ್ತ್ರಿ ಮಾಡುತ್ತಿದ್ದರೆ ಭಾಷಣ ಓದಿ ತೋರಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ.

"ನಮ್ಮ ತಂದೆ ಬಟ್ಟೆಯ ಲೇಬಲ್‌ಗಳನ್ನು ನೋಡಿ ನೋಡಿ ತಾವೇ ಓದಲು ಕಲಿತರು. ಮನೆಯಲ್ಲಿ ಯಾರ ಓದನ್ನೂ ನಿಲ್ಲಿಸಲಿಲ್ಲ."

ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟೆ. "ಮತ್ತೆ ನಾನು?"

"ಅಯ್ಯೋ ಅಕ್ಕಾ, ಸಭೇಲಿ ಹೇಳೋ ಮಾತಾ ಅದು? ಮಗಳ ಶಾಲೆ ಬಿಡಿಸಿದ್ರು ಅಂದ್ರೆ ಅಪ್ಪನ ಮರ್ಯಾದೆ ಏನಾಗುತ್ತೆ?"

ಅಪ್ಪನ ಮರ್ಯಾದೆಯೋ, ಇವನದೋ... ಆದರೂ ಇಸ್ತ್ರಿ ಮುಗಿಸಿ ಕೊಟ್ಟೆ, ಒಂದು ಸುಕ್ಕಿಲ್ಲ. ಹೋಗಲಿ, ಬೆಂಚಾದರೂ ಸಿಗುತ್ತದಲ್ಲ.

ಜೂನ್ 22, ಮಧ್ಯಾಹ್ನ

ಅಂಗಡಿಯೊಳಗೇ ಕೂತು ಬರೆಯುತ್ತಿದ್ದೇನೆ. ಒಳಗಿನಿಂದ ಬೀಗ.

ಬೋರ್ಡಿನ ಪರದೆ ನಾನೇ ಎಳೆಯಬೇಕಂತೆ. ಎಳೆದೆ. "ಎಲ್ಲರಿಗೂ ಕೇಳೋ ಹಾಗೆ ಓದಕ್ಕಾ" ಅಂದ.

ಅಪ್ಪನ ಹೆಸರು. ತಮ್ಮನ ಹೆಸರು, ಡಿಗ್ರಿಗಳ ಬಾಲದ ಸಮೇತ. ಕೆಳಗೆ — ಮೊದಲ ದರ್ಜೆಯಲ್ಲಿ ಪಾಸಾದವರಿಗೆ ಮಾತ್ರ.

ನಂಬಿ ಕೆಟ್ಟೆ. ಇಷ್ಟು ದಿನ ಮೂಗಿಗೆ ತುಪ್ಪ ಸವರಿದ್ದಾನೆ, ನನ್ನ ಒಡಹುಟ್ಟಿದವನು.

ಗಟ್ಟಿಯಾಗಿ ಓದಿದೆ: "ಓದು ಅರ್ಧಕ್ಕೆ ಬಿಟ್ಟವರಿಗೆ ಮೊದಲು ಜಾಗ."

ಅಪ್ಪ ಇದ್ದಿದ್ದರೆ ನಂಬುತ್ತಿದ್ದರು. ಆದರೆ ಇಲ್ಲಿ ಎಲ್ಲರಿಗೂ ಓದು ಬರುತ್ತದೆ. ಮುಖ ಮುಖ ನೋಡಿಕೊಂಡರು.

ತಮ್ಮ ಮೈಕಿನಲ್ಲಿ ನಕ್ಕ. "ಕ್ಷಮಿಸಿ, ನಮ್ಮಕ್ಕನಿಗೆ ಓದು ಅಷ್ಟಾಗಿ ಬರಲ್ಲ."

ಪಾಪ ಅನ್ನುವಂತೆ ಚಪ್ಪಾಳೆ ತಟ್ಟಿದರು. ಆಮೇಲೆ ತಮ್ಮ ಅಂಗಡಿ ಕೀಗೆ ಕೈ ಚಾಚಿದ. ಕೊಡಲಿಲ್ಲ. ಒಳಗೆ ಬಂದುಬಿಟ್ಟೆ.

ಬಾಗಿಲು ಬಡಿಯುತ್ತಿದ್ದಾನೆ. "ಅಕ್ಕಾ, ಜನ ನಿಂತಿದ್ದಾರೆ. ಮಾನ ಕಳೀಬೇಡ, ತೆಗಿ."

ತೆಗೆಯುವುದಿಲ್ಲ ಅಂತಲ್ಲ. ಮೊದಲು ಅವನು ಆ ಬೋರ್ಡು ಓದಲಿ, ನಾನು ಓದಿದ ಹಾಗೆ. ಗಟ್ಟಿಯಾಗಿ. ಅದೇ ಮೈಕಿನಲ್ಲಿ. ಆಮೇಲೆ ಬಾಗಿಲು ತೆಗೆಯುತ್ತೇನೆ.