ಗೇಟು ತೆಗೆದವನು

ಚಿಕ್ಕ ಯಜಮಾನರೇ,

ನಿಮ್ಮ ಮನೆಯ ಕಾರು ಓಡಿಸುತ್ತಿದ್ದ ನನ್ನಪ್ಪ ನಿನ್ನನ್ನು ಹಾಗೇ ಕರೆಯುತ್ತಿದ್ದ. ಈ ಕಾಗದವನ್ನು ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ಕಾದಂಬರಿ ಮಾಡಿಬಿಡುತ್ತೀಯ.

ನಿನ್ನ ಕಾದಂಬರಿ ಇವತ್ತು ನಮ್ಮ ಪ್ರೆಸ್ಸಿಗೆ ಬೈಂಡಿಂಗಿಗೆ ಬಂತು. ಹಾಳೆ ಮಡಚಿ ಹೊಲಿಯುವುದಷ್ಟೇ ನನ್ನ ಕೆಲಸ. ಆದರೂ ಕಣ್ಣಿಗೆ ಬಿತ್ತು. ಸಿರಿವಂತರ ಹುಡುಗ ಡ್ರೈವರನ ಮಗಳಿಗಾಗಿ ಅವಳ ಮನೆಯೆದುರು ನಲವತ್ತು ದಿನ ಬಿಸಿಲಲ್ಲಿ ನಿಲ್ಲುತ್ತಾನೆ. ಅದನ್ನು ತಪಸ್ಸು ಎಂದು ಬರೆದಿದ್ದೀಯ. ನಿಜದಲ್ಲಿ ಆ ತಪಸ್ಸಿಗೆ ಬೀದಿಯೆಲ್ಲ ನಕ್ಕಿತು, ನನ್ನ ತಂಗಿ ಶಾಲೆ ಬಿಟ್ಟಳು, ನಿಮ್ಮಪ್ಪ ನನ್ನಪ್ಪನ ಕೈಯಿಂದ ಕಾರಿನ ಕೀ ಕಿತ್ತುಕೊಂಡರು. ಕಾದಂಬರಿಯ ಕೊನೆಗೆ ನನ್ನನ್ನು ಕೆರೆಗೆ ಹಾರಿಸಿದ್ದೀಯ. ಎಷ್ಟು ಚೆಂದದ ಹೆಣ! ಕೂದಲ ತುಂಬ ತಾವರೆ ಬೇರೆ.

ಆ ಸಿಟ್ಟಿನಲ್ಲಿ ಒಂದು ಪ್ರತಿಯ ಕೊನೆಯ ಹದಿನಾರು ಪುಟಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಮೇಸ್ತ್ರಿ ನೋಡಿದ.

"ಏನಕ್ಕಾ, ಇಷ್ಟು ವರ್ಷದಲ್ಲಿ ಒಂದ್ಸಲನೂ ಹೀಗೆ ಮಾಡಿಲ್ವಲ್ಲ! ಕಥೆ ಅಷ್ಟು ಚೆನ್ನಾಗಿದ್ಯಾ?"

"ಥೂ, ಪೊಟ್ಟಣ ಕಟ್ಟೋಕೂ ಲಾಯಕ್ಕಿಲ್ಲ," ಅಂದೆ.

ಕೆಟ್ಟುಹೋದ ಆ ಪ್ರತಿಯನ್ನು ಮನೆಗೆ ತಂದು ಅದರಲ್ಲಿ ಅಪ್ಪನನ್ನು ಹುಡುಕಿದೆ. ಮುನ್ನೂರು ಪುಟಗಳಲ್ಲಿ ಒಂದೇ ಸಲ ಬರುತ್ತಾನೆ, ನಿನಗೆ ಗೇಟು ತೆಗೆಯಲು.

ಇನ್ನೊಂದನ್ನೂ ನೀನು ಬರೆದಿಲ್ಲ. ಆ ನಲವತ್ತು ದಿನವೂ ನಾನು ಕಿಟಕಿಯ ಒಂದು ಬಾಗಿಲನ್ನು ತೆರೆದೇ ಇಟ್ಟಿದ್ದೆ. ಅಪ್ಪನಿಗೆ ನಾನೂ ಅದನ್ನು ಹೇಳಲಿಲ್ಲ. "ನನ್ನ ಮಗಳದ್ದೇನೂ ತಪ್ಪಿಲ್ಲ," ಎಂದು ಅವನು ಸಾಯುವವರೆಗೂ ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದ.