ಒಂದು ಮೊರ ತೌಡು

ಉತ್ತರಹಳ್ಳಿ
11-11-2025, ಮಂಗಳವಾರ

ನನ್ನ ಅಕ್ಕನ ಮುದ್ದಿನ ಮಗಳು ಚೈತ್ರಳಿಗೆ, ನೀನಿನ್ನೂ ಮಾವ ಅನ್ನುವುದಾದರೆ, ನಿನ್ನ ಮಾವ ಮಾಡುವ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನಲ್ಲಿ ನನ್ನ ಅಕ್ಷರವೇ ಫಸ್ಟು. ಕ್ಲಾಸಿನಲ್ಲಿ ಇದ್ದವರು ಐದೇ ಜನ ಅನ್ನುವುದು ಬೇರೆ ಮಾತು.

ಭಾನುವಾರ ಜೆ.ಪಿ. ನಗರದ ನಿಮ್ಮ ಮನೆಯಲ್ಲಿ ಮಗುವಿಗೆ ಹೆಸರಿಡುವಾಗ ನಾನು ಮಾಡಿದ್ದು ತಪ್ಪು. ಎರಡು ಸಲ ಬಸಿರು ನಿಲ್ಲದೆ ಹೋಗಿ, ಆಮೇಲೆ ಹುಟ್ಟಿದ ಕೂಸನ್ನು ತಾಯಿಯ ಸೋದರಮಾವ ಒಂದು ಮೊರ ತೌಡು ಕೊಟ್ಟು ಕೊಂಡು, ತಿರುಗಿ ತಾಯಿಗೇ ಕೊಡುವುದು ನಮ್ಮ ಶಾಸ್ತ್ರ. ದೃಷ್ಟಿ ತಾಕದಿರಲಿ ಅಂತ. ಆಗಲೇ ಕೊಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಹುಡುಗಾಟ. "ತೌಡು ಕೊಟ್ಟಾಯ್ತು, ಕೂಸು ಇನ್ ನಂದು, ಏನ್ ಮಾಡ್ಕೋತೀಯೋ ಮಾಡ್ಕೋ" ಅಂತ ಎತ್ತಿಕೊಂಡು ಗೇಟು ದಾಟಿಬಿಟ್ಟೆ. ನೀನು ಕಿರುಚುತ್ತಾ ಬರಿಗಾಲಲ್ಲಿ ರಸ್ತೆಗೆ ಓಡಿಬಂದು ಕಿತ್ತುಕೊಂಡೆ. ಆಗಲೂ ನಾನು, "ಮಗು ಸಿಕ್ತಲ್ಲ, ಇನ್ನೇನಮ್ಮ ನಿಂದು ಅಳು?" ಅಂದೆ. ನೀನು ರೂಮಿನ ಬಾಗಿಲು ಹಾಕಿಕೊಂಡೆ.

ಆಮೇಲೆ ನಿನ್ನ ಗಂಡ ಮನೋಜ್ ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ಆರು ವರ್ಷದ ಟ್ರೀಟ್‌ಮೆಂಟು. ಹೊಟ್ಟೆಗೆ ನೀನೇ ಸೂಜಿ ಚುಚ್ಚಿಕೊಂಡು, ತಲೆ ಬಾಚಿ, ಬ್ಯಾಂಕಿನ ಕೌಂಟರಿನಲ್ಲಿ ನಗುನಗುತ್ತಾ ಕೂರುತ್ತಿದ್ದೆಯಂತೆ. ಈಗಲೂ ಗಳಿಗೆಗೊಂದು ಸಲ ಮಗುವಿನ ಮೂಗಿಗೆ ಬೆರಳಿಟ್ಟು ಉಸಿರು ನೋಡುತ್ತೀಯಂತೆ. ಯಾರೋ ಬಂದು, "ತಪ್ಪಾಯ್ತು, ಇದು ನಿಮ್ದಲ್ಲ" ಅಂತ ವಾಪಸ್ ತೆಗೆದುಕೊಂಡು ಹೋಗುತ್ತಾರೆ ಅನ್ನಿಸುತ್ತದಂತೆ. ಅಂಥವಳ ಕೈಯಿಂದ, ದೊಡ್ಡ ಮನುಷ್ಯ ನಾನು, ಕೂಸನ್ನು ಎತ್ತಿಕೊಂಡು ಓಡಿದೆ.

ಕುಸ್ತಿಯಲ್ಲಿ ಶ್ರೀನಗರದ ಗುರುಸಿದ್ದನಿಗೆ ಮಣ್ಣು ಮುಕ್ಕಿಸಿದ್ದನ್ನು ನಿನಗೆ ನೂರು ಸಲ ಹೇಳಿದ್ದೇನೆ. ಒಂದು ಟಿ.ಟಿ. ಸೂಜಿಗೆ ತಲೆ ತಿರುಗಿ ನರ್ಸಮ್ಮನ ಮೇಲೆಯೇ ಬಿದ್ದದ್ದನ್ನು ಹೇಳಿಲ್ಲ. ಪಾಪ, ಆಕೆಯನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ನೀನು ಸಾವಿರ ಸೂಜಿ ತಿಂದವಳು, ಒಂದು ದಿನವೂ ಜಂಬ ಕೊಚ್ಚಿದವಳಲ್ಲ. ನಮ್ಮ ವಂಶದಲ್ಲಿ ಪೈಲ್ವಾನ್ ಅಂತ ಯಾರಾದರೂ ಇದ್ದರೆ ಅದು ನೀನು. ಬರೆದು ಸಹಿ ಹಾಕಿ ಕೊಡುತ್ತೇನೆ.

ಮನಸ್ಸಿನ ಡಾಕ್ಟರಮ್ಮನ ಹತ್ತಿರ ಗುರುವಾರಕ್ಕೆ ಟೈಮ್ ಸಿಕ್ಕಿದೆಯಂತೆ. "ಜನ ಹುಚ್ಚಿ ಅಂತಾರೆ" ಅಂತ ನೀನು ಒಲ್ಲೆ ಅನ್ನುತ್ತಿದ್ದೀಯಂತೆ. ಕಂದಾ, ಭಾನುವಾರ ಮನೋಜ್ ಎಲ್ಲ ಹೇಳುವ ಮೊದಲು ಊಟದ ಪಂಕ್ತಿಯಲ್ಲಿ ಆ ಮಾತು ಅಂದವನು ನಾನೇ. ಅದೇ ನಾನು ಹೇಳುತ್ತಿದ್ದೇನೆ, ಹೋಗು. ಹತ್ತು ಗಂಟೆಗೆ ನನ್ನ ಗಾಡಿ ನಿಮ್ಮ ಮನೆ ಮುಂದೆ ಇರುತ್ತದೆ. ಮಗು ನಿನ್ನ ಮಡಿಲಲ್ಲೇ ಇರಲಿ, ನಾನು ಕೈ ಕೂಡ ಚಾಚುವುದಿಲ್ಲ.

ನಿನ್ನೆದುರು ಬಾಯಿ ಕಟ್ಟಿಹೋದ ಮಾವ,
ಚಿಕ್ಕಬೈರಪ್ಪ

ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ಬರೆದದ್ದು: ಮೂವತ್ತು ವರ್ಷ ಊರೆಲ್ಲ ನಿನ್ನತ್ತೆ ಬೈರಮ್ಮನನ್ನು ಬಂಜೆ ಅಂದಿತು. ಕೊರತೆ ನನ್ನದು. ವಿಲ್ಸನ್ ಗಾರ್ಡನ್ನಿನ ಡಾಕ್ಟರು ಆಗಲೇ ಬರೆದುಕೊಟ್ಟಿದ್ದರು. ಆ ಚೀಟಿ ಬಚ್ಚಿಟ್ಟು ಮೀಸೆ ತಿರುವಿಕೊಂಡು ಓಡಾಡಿದೆ. ನಿನ್ನ ಆ ಕೂಗು ಕೇಳಿದ ಮೇಲೆ ತಡೆಯಲಾಗಲಿಲ್ಲ, ನಿನ್ನೆ ಅವಳಿಗೆ ಹೇಳಿಬಿಟ್ಟೆ. ಬಹಳ ಹೊತ್ತು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ, "ಗುರುವಾರ ಗಾಡೀಲಿ ನಂಗೂ ಜಾಗ ಇಡಿ. ಆ ಡಾಕ್ಟರಮ್ಮನ ಹತ್ರ ನಂದೂ ಸ್ವಲ್ಪ ಮಾತಿದೆ. ನೀವು ಹೊರಗೇ ಕೂತಿರಿ" ಅಂದಳು.